ಅಂತರ ಸಮವಿಲ್ಲದ ಡೇಟಾಗೆ ಯಾವ ಚಾರ್ಟ್? ಲೈನ್, ಡೇಟ್ ಆಕ್ಸಿಸ್, ಸ್ಕ್ಯಾಟರ್ ಮತ್ತು ಉಳಿದ ದಾರಿಗಳು

2024ರ ಜನವರಿ 1ಕ್ಕೆ ತೂಕ ಇಳಿಸುತ್ತೇನೆ ಅಂತ ಹೊರಟೆ. ಎಲ್ಲರ ಹಾಗೇ. ಮೊದಲ ಹತ್ತು ದಿನ ಹುರುಪು ಜಾಸ್ತಿ, ಎರಡು ಮೂರು ದಿನಕ್ಕೊಮ್ಮೆ ತೂಕ ನೋಡಿ ಎಕ್ಸೆಲ್‌ನಲ್ಲಿ ಬರೆದಿಟ್ಟೆ. ಆಮೇಲೆ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅದಾದ ಮೇಲೆ ಎರಡು ತಿಂಗಳು. ಕೊನೆಗೆ ಉಳಿದದ್ದು ಆರೇ ಸಾಲು:

01.01.2024 – 82.0 ಕೆಜಿ
03.01.2024 – 81.6
06.01.2024 – 81.1
10.01.2024 – 80.4
10.02.2024 – 78.8
10.04.2024 – 78.2

ಸೆಲೆಕ್ಟ್ ಮಾಡಿದೆ, ಲೈನ್ ಚಾರ್ಟ್ ಒತ್ತಿದೆ, ಅಂದವಾದ ಗೆರೆ ಬಂತು. ಅದನ್ನು ನೋಡಿದರೆ ನಾನು ನಿಧಾನವಾಗಿ ಶುರು ಮಾಡಿ, ಜನವರಿ 10ರ ನಂತರ ಭರ್ಜರಿಯಾಗಿ ಇಳಿದಿದ್ದೇನೆ ಅನ್ನಿಸುತ್ತದೆ. ಅಲ್ಲಿಯೇ ಇಳಿಜಾರು ಎಲ್ಲಕ್ಕಿಂತ ಕಡಿದು. ಖುಷಿಯಾಗಿ ನಾಲ್ಕು ಜನಕ್ಕೆ ತೋರಿಸಿಯೂ ಬಿಟ್ಟೆ.

ನಿಜ ಪೂರ್ತಿ ಉಲ್ಟಾ. ಮೊದಲ 9 ದಿನದಲ್ಲಿ 1.6 ಕೆಜಿ ಹೋಗಿತ್ತು. ಮುಂದಿನ 1.6 ಕೆಜಿಗೆ 31 ದಿನ ಬೇಕಾಯಿತು. ಕೊನೆಯ 60 ದಿನದಲ್ಲಿ ಬರೀ 0.6. ಅಂದರೆ ದಿನೇ ದಿನೇ ನಿಧಾನವಾಗುತ್ತಿದ್ದೆ, ಚಾರ್ಟ್ ಮಾತ್ರ ಬೆನ್ನು ತಟ್ಟುತ್ತಿತ್ತು. ಕಾರಣ ಸರಳ: ಆ ಚಾರ್ಟ್‌ಗೆ ಎರಡು ದಿನದ ಅಂತರವೂ ಒಂದೇ, ಎರಡು ತಿಂಗಳ ಅಂತರವೂ ಒಂದೇ. ಆರು ಸಾಲು ಕಂಡಿತು, ಸಮವಾಗಿ ಆರು ಕಡೆ ಇಟ್ಟಿತು. ಮೊದಲ 9 ದಿನಕ್ಕೆ ಅಗಲದ ಐದರಲ್ಲಿ ಮೂರು ಪಾಲು ಸಿಕ್ಕಿತು, ಕೊನೆಯ 60 ದಿನಕ್ಕೆ ಒಂದೇ ಪಾಲು.

ಇಂಥ ಡೇಟಾ ಕೈಗೆ ಬಂದಾಗ ಇರುವ ದಾರಿ ಒಂದಲ್ಲ, ಆರೇಳು. ಎಲ್ಲವೂ ಎಲ್ಲರಿಗೂ ಆಗುವುದಿಲ್ಲ.

ಚಾರ್ಟ್ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದದ್ದು

ಒಂದನೆಯದು, ಎರಡು ಬಿಂದುಗಳ ನಡುವಿನ ಅಡ್ಡ ದೂರಕ್ಕೆ ಅರ್ಥ ಇದೆಯಾ? ಸಮಯ, ದೂರ, ಉಷ್ಣತೆ, ಪ್ರಮಾಣ ಆದರೆ ಇದೆ. "ಮೊದಲ ಪ್ರಯತ್ನ, ಎರಡನೇ ಪ್ರಯತ್ನ" ಥರದ್ದಾದರೆ ಇಲ್ಲ. ಮಿಕ್ಕದ್ದೆಲ್ಲ ಈ ಪ್ರಶ್ನೆಯ ಮೇಲೆಯೇ ನಿಂತಿದೆ.

ಎರಡನೆಯದು, ಅಡ್ಡ ಅಕ್ಷದಲ್ಲಿ ಇರುವುದು ಏನು: ಬರೀ ದಿನಾಂಕವಾ, ಗಂಟೆ ನಿಮಿಷವೂ ಇದೆಯಾ, ಅಥವಾ 0.5, 2, 7.25 ಥರದ ಸಂಖ್ಯೆಗಳಾ? ಮೂರನೆಯದು, ಒಂದೇ ಗೆರೆಯಾ, ಅಥವಾ ಬೇರೆ ಬೇರೆ ದಿನ ಅಳೆದ ಎರಡು ಮೂರು ಗೆರೆ ಒಟ್ಟಿಗೆ ಬೇಕಾ? ನಾಲ್ಕನೆಯದು, ಎರಡು ಅಳತೆಗಳ ನಡುವೆ ಏನಾಯಿತು: ಮೆಲ್ಲಗೆ ಬದಲಾಯಿತಾ, ಅಥವಾ ಒಂದು ದಿನ ತಟಕ್ಕನೆ ಜಿಗಿಯಿತಾ? ಕೊನೆಯದಾಗಿ ಖರ್ಚು. ದುಡ್ಡಿನದ್ದಲ್ಲ, ಸಮಯದ್ದು. ಒಂದೇ ಸಲ ತೋರಿಸಿ ಮರೆಯುವ ಚಾರ್ಟೋ, ವಾರ ವಾರ ಹೊಸ ಸಾಲು ಸೇರುವ ಚಾರ್ಟೋ? ಐದು ನಿಮಿಷದ ಕೆಲಸಕ್ಕೆ ಐವತ್ತು ನಿಮಿಷ ಯಾಕೆ ಹಾಕಬೇಕು, ಅಲ್ವಾ?

ಸುಮ್ನೆ ಲೈನ್ ಚಾರ್ಟ್, ಟೆಕ್ಸ್ಟ್ ಆಕ್ಸಿಸ್ ಜೊತೆ

ನನಗೆ ಆದದ್ದು ಇದೇ. ಎಕ್ಸೆಲ್‌ನ ಲೈನ್ ಚಾರ್ಟ್ ಅಡ್ಡ ಅಕ್ಷದ ಬೆಲೆಗಳನ್ನು ಹೆಸರು ಚೀಟಿ ಅಂತ ನೋಡುತ್ತದೆ. 1, 2, 50 ಅಂತ ಕೊಟ್ಟರೂ ರಾಮ, ಭೀಮ, ಸೋಮ ಅಂತ ಕೊಟ್ಟ ಹಾಗೆ.

ಹಾಗಂತ ಇದು ಕೆಟ್ಟದ್ದಲ್ಲ. ಷೇರು ಬೆಲೆಯನ್ನು ನೋಡಿ. ಶನಿವಾರ ಭಾನುವಾರ ವ್ಯವಹಾರವೇ ಇಲ್ಲ. ದಿನಾಂಕದ ಪ್ರಕಾರ ಹಾಕಿದರೆ ವಾರ ವಾರಕ್ಕೂ ಎರಡು ದಿನದ ಖಾಲಿ ಜಾಗ ಬರುತ್ತದೆ. ಅಲ್ಲಿ ಬೇಕೆಂತಲೇ ಟೆಕ್ಸ್ಟ್ ಆಕ್ಸಿಸ್ ಆರಿಸುವವರಿದ್ದಾರೆ, ಸರಿಯೇ. ಬ್ಯಾಚ್ ನಂಬರ್, ಪರೀಕ್ಷೆಯ ಸುತ್ತು, ಆವೃತ್ತಿ ಸಂಖ್ಯೆ, ಇವಕ್ಕೂ ಇದೇ ಸಾಕು. ಆದರೆ ಗೆರೆಯ ಇಳಿಜಾರು ನೋಡಿ "ವೇಗ ಹೆಚ್ಚಾಯಿತು, ಕಡಿಮೆ ಆಯಿತು" ಅಂತ ಯಾರಾದರೂ ಹೇಳುವ ಸಾಧ್ಯತೆ ಇದ್ದರೆ ಇದನ್ನು ಮುಟ್ಟಬೇಡಿ.

ಟ್ರೆಂಡ್‌ಲೈನ್ (ಬಿಂದುಗಳ ಒಟ್ಟು ಒಲವನ್ನು ತೋರಿಸಲು ಎಕ್ಸೆಲ್ ಲೆಕ್ಕ ಹಾಕಿ ಎಳೆಯುವ ಗೆರೆ) ಹಾಕಿದರಂತೂ ಇನ್ನೂ ಅಪಾಯ. ಟೆಕ್ಸ್ಟ್ ಆಕ್ಸಿಸ್ ಮೇಲೆ ಎಕ್ಸೆಲ್ ಎಕ್ಸ್ ಬೆಲೆಗಳನ್ನು, ಅಂದರೆ ಅಡ್ಡ ಅಕ್ಷದ ಬೆಲೆಗಳನ್ನು, 1, 2, 3, 4 ಅಂತ ಹಿಡಿದು ಲೆಕ್ಕ ಹಾಕುತ್ತದೆ. ನನ್ನ ಆರು ಸಾಲಿಗೆ ಹಾಗೆ ಬಂದ ಇಳಿಕೆ 0.80. ಅದು ದಿನಕ್ಕೆ ಅಲ್ಲ, "ಒಂದು ಅಳತೆಗೆ"! ನಿಜವಾದ ದಿನಗಳನ್ನು ಕೊಟ್ಟು ಲೆಕ್ಕ ಹಾಕಿದರೆ ದಿನಕ್ಕೆ 0.035 ಕೆಜಿ. ಸಮೀಕರಣ ಚಾರ್ಟ್ ಮೇಲೆ ಠೀವಿಯಿಂದ ಕೂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಲೈನ್ ಚಾರ್ಟೇ, ಆದರೆ ಡೇಟ್ ಆಕ್ಸಿಸ್

ಅಡ್ಡ ಅಕ್ಷದ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಆಕ್ಸಿಸ್, ಅಲ್ಲಿ ಆಕ್ಸಿಸ್ ಟೈಪ್ ಅಂತ ಇರುತ್ತದೆ. ಮೂರು ಆಯ್ಕೆ: ಎಕ್ಸೆಲ್ ತಾನೇ ನಿರ್ಧರಿಸುವುದು, ಟೆಕ್ಸ್ಟ್, ಡೇಟ್. ಡೇಟ್ ಆರಿಸಿದರೆ ಬಿಂದುಗಳು ದಿನಾಂಕಕ್ಕೆ ತಕ್ಕ ಜಾಗಕ್ಕೆ ಸರಿಯುತ್ತವೆ. ಸಾಲುಗಳು ಹಿಂದೆ ಮುಂದೆ ಆಗಿದ್ದರೂ ದಿನಾಂಕದ ಕ್ರಮದಲ್ಲೇ ಗೆರೆ ಎಳೆಯುತ್ತದೆ, ಅದೊಂದು ನೆಮ್ಮದಿ. "ತಿಂಗಳಿಗೊಂದು ಗುರುತು" ಅಂದರೆ 30 ದಿನದ ತಿಂಗಳು, 31 ದಿನದ ತಿಂಗಳು ಎಲ್ಲವನ್ನೂ ಸರಿಯಾಗಿ ನೋಡಿಕೊಳ್ಳುತ್ತದೆ.

ನಿಜವಾದ ದಿನಾಂಕ ಇದ್ದರೆ ಎಕ್ಸೆಲ್ ತಾನಾಗಿಯೇ ಇದನ್ನು ಆರಿಸುತ್ತದೆ. ಹಾಗಾದರೆ ನನಗೆ ಯಾಕೆ ಕೈ ಕೊಟ್ಟಿತು? ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿ, ನಡುವೆ ಚುಕ್ಕೆ ಹಾಕಿದ್ದೆ. ನನ್ನ ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಚುಕ್ಕೆ ಹಾಕಿದ್ದು ದಿನಾಂಕ ಅಲ್ಲ, ಬರೀ ಅಕ್ಷರ. ನೋಡಲು ದಿನಾಂಕದ ಹಾಗೇ ಇದೆ, ಒಳಗೆ ಅಲ್ಲ. ಒಂದು ಸುಳಿವು: ನೀವಾಗಿ ಅಲೈನ್ ಮಾಡದ ಸೆಲ್‌ನಲ್ಲಿ ನಿಜವಾದ ದಿನಾಂಕ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ. ಖಚಿತ ಬೇಕಾದರೆ ಪಕ್ಕದ ಸೆಲ್‌ನಲ್ಲಿ ಒಳಗಿರುವುದು ಸಂಖ್ಯೆಯೇ ಅಂತ ಹೇಳುವ ಈಸ್‌ನಂಬರ್ (ISNUMBER) ಫಂಕ್ಷನ್ ಹಾಕಿ ನೋಡಿ. ಫಾಲ್ಸ್ ಬಂದರೆ ಸೆಲ್ ಫಾರ್ಮ್ಯಾಟನ್ನು ಡೇಟ್ ಅಂತ ಬದಲಾಯಿಸಿದರೆ ಸಾಲದು, ಒಳಗಿನದು ಬದಲಾಗುವುದಿಲ್ಲ. ಕಾಲಮ್ ಸೆಲೆಕ್ಟ್ ಮಾಡಿ, ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ಗೆ ಹೋಗಿ, ಕೊನೆಯ ಹಂತದಲ್ಲಿ ದಿನ–ತಿಂಗಳು–ವರ್ಷ ಕ್ರಮ ಆರಿಸಿ ಮುಗಿಸಿ.

ಇನ್ನೊಂದು ಬಗೆಯ ಎಡವಟ್ಟೂ ಇದೆ. ಬೇರೆಯವರ ಫೈಲ್‌ನಲ್ಲಿ ದಿನ ಮೊದಲು, ನಿಮ್ಮ ಸೆಟ್ಟಿಂಗ್‌ನಲ್ಲಿ ತಿಂಗಳು ಮೊದಲು ಅಂತಿಟ್ಟುಕೊಳ್ಳಿ. ಆಗ 13/04 ಅಕ್ಷರವಾಗಿ ಉಳಿಯುತ್ತದೆ, ಹದಿಮೂರನೇ ತಿಂಗಳು ಇಲ್ಲವಲ್ಲ. 04/05 ಮಾತ್ರ ಸದ್ದಿಲ್ಲದೆ ಏಪ್ರಿಲ್ 5 ಆಗಿಬಿಡುತ್ತದೆ. ಅರ್ಧ ಸರಿ, ಅರ್ಧ ತಪ್ಪು ಇರುವ ಕಾಲಮ್‌ಗಿಂತ ಪೂರ್ತಿ ತಪ್ಪಿರುವುದೇ ವಾಸಿ, ಬೇಗ ಸಿಕ್ಕಿ ಬೀಳುತ್ತದೆ.

ಡೇಟ್ ಆಕ್ಸಿಸ್‌ನ ಮಿತಿ ಏನು ಅಂದರೆ, ಅದರ ಅತಿ ಚಿಕ್ಕ ಅಳತೆ ಒಂದು ದಿನ. ಜ್ವರ ಬಂದಾಗ ಬೆಳಗ್ಗೆ 6ಕ್ಕೆ, 7ಕ್ಕೆ, 7:30ಕ್ಕೆ, ಮಧ್ಯಾಹ್ನ 2ಕ್ಕೆ ನೋಡಿದ ಟೆಂಪರೇಚರ್ ಕೊಟ್ಟರೆ ನಾಲ್ಕೂ ಒಂದೇ ನೇರ ಗೆರೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಬೇಸ್ ಯೂನಿಟ್ (ಅಕ್ಷ ಬಳಸುವ ಚಿಕ್ಕ ಅಳತೆ) ತಿಂಗಳು ಅಂತ ಇದ್ದರೆ ಇಡೀ ತಿಂಗಳ ಅಳತೆಗಳಿಗೂ ಅದೇ ಗತಿ, ಅದನ್ನು ದಿನಕ್ಕೆ ಬದಲಾಯಿಸಿ. ಮತ್ತೆ, ಒಂದೇ ಅಕ್ಷದ ಮೇಲೆ ಎರಡು ಗೆರೆ ಹಾಕಿದರೆ ಎರಡನೆಯದೂ ಮೊದಲನೆಯದರ ದಿನಾಂಕಗಳನ್ನೇ ಬಳಸುತ್ತದೆ. ನೀವು ಎರಡನೆಯದಕ್ಕೆ ಬೇರೆ ದಿನಾಂಕ ಕೊಟ್ಟಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದೂರು ಕೂಡ ಹೇಳುವುದಿಲ್ಲ.

ಒಂದು ಸಣ್ಣ ಉಪಾಯ ಇದೆ. ದಿನಾಂಕ ಇಲ್ಲದೆ 0, 2, 5, 9, 40, 100 ಅಂತ ಪೂರ್ಣ ಸಂಖ್ಯೆ ಇದ್ದರೂ ಡೇಟ್ ಆಕ್ಸಿಸ್ ನಡೆಯುತ್ತದೆ. ಎಕ್ಸೆಲ್‌ಗೆ ದಿನಾಂಕ ಅಂದರೆ ಒಂದು ಸಂಖ್ಯೆ ಅಷ್ಟೇ: 1900ರ ಜನವರಿ 1 ಅಂದರೆ 1, 2024ರ ಜನವರಿ 1 ಅಂದರೆ 45292. ಆದರೆ ದಶಮಾಂಶ, ಮೈನಸ್ ಸಂಖ್ಯೆ ಬಂದರೆ ಈ ಉಪಾಯ ನಡೆಯುವುದಿಲ್ಲ. 1900ಕ್ಕಿಂತ ಹಿಂದಿನ ದಿನಾಂಕಗಳೂ ಅಷ್ಟೇ, ಎಕ್ಸೆಲ್ ಅವನ್ನು ಅಕ್ಷರ ಅಂತಲೇ ಹಿಡಿಯುತ್ತದೆ. ಹಳೆಯ ಕಾಲದ ಡೇಟಾ ಆದರೆ ವರ್ಷವನ್ನು ಮಾತ್ರ ಸಂಖ್ಯೆಯಾಗಿ ಇಟ್ಟು ಸ್ಕ್ಯಾಟರ್‌ಗೆ ಹೋಗುವುದೇ ಸುಲಭ.

ಸ್ಕ್ಯಾಟರ್ ಚಾರ್ಟ್, ನೇರ ಗೆರೆ ಜೊತೆ

ಗೊಂದಲ ಇದ್ದರೆ ನನ್ನ ಉತ್ತರ ಇದೇ. ಸ್ಕ್ಯಾಟರ್ ಅಂದ ತಕ್ಷಣ ಬರೀ ಚುಕ್ಕೆಗಳ ಚಾರ್ಟ್, ನನಗೆ ಗೆರೆ ಬೇಕು ಅಂತ ಜನ ಹಿಂದೆ ಸರಿಯುತ್ತಾರೆ. ಅದರಲ್ಲೇ ನೇರ ಗೆರೆ ಮತ್ತು ಮಾರ್ಕರ್ (ಬಿಂದುವಿನ ಗುರುತು) ಇರುವ ಬಗೆ ಇದೆ. ನೋಡಲು ಥೇಟ್ ಲೈನ್ ಚಾರ್ಟ್. ವ್ಯತ್ಯಾಸ ಒಳಗಿದೆ: ಇಲ್ಲಿ ಎಕ್ಸ್ ಕೂಡ ವೈ ಥರಾನೇ ನಿಜವಾದ ಸಂಖ್ಯೆ. ದಶಮಾಂಶ, ಮೈನಸ್, ಗಂಟೆ ನಿಮಿಷ ಎಲ್ಲ ನಡೆಯುತ್ತದೆ. ಪ್ರತಿ ಗೆರೆಗೂ ತನ್ನದೇ ಎಕ್ಸ್ ಕಾಲಮ್ ಕೊಡಬಹುದು. ನೀವು ಅಳೆದ ದಿನಗಳೇ ಬೇರೆ, ಗೆಳೆಯ ಅಳೆದ ದಿನಗಳೇ ಬೇರೆ ಅಂದರೆ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ.

ಆದರೆ ಸ್ಕ್ಯಾಟರ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ. ತಿಂಗಳಿಗೊಂದು ಗುರುತು ಬೇಕು ಅಂತ ಮೇಜರ್ ಯೂನಿಟ್ (ಎರಡು ಗುರುತುಗಳ ನಡುವಿನ ಅಂತರ) 30 ಕೊಟ್ಟೆ, 45292ರಿಂದ ಶುರು ಮಾಡಿಸಿದೆ. ಕೆಳಗೆ ಬಂದದ್ದು: ಜನವರಿ 1, ಜನವರಿ 31, ಮಾರ್ಚ್ 1, ಮಾರ್ಚ್ 31. ಫೆಬ್ರವರಿಯೇ ಮಾಯ! ಬಿಂದುಗಳು ಸರಿಯಾದ ಜಾಗದಲ್ಲೇ ಇವೆ, ಬರಹ ಮಾತ್ರ ವಿಚಿತ್ರ. ಇದಕ್ಕೆ ಎರಡು ಮದ್ದು. 7 ಅಥವಾ 14 ಕೊಟ್ಟು ವಾರದ ಲೆಕ್ಕದಲ್ಲಿ ತೋರಿಸಿ, ಇಲ್ಲವಾದರೆ ದಿನಾಂಕ ಬಿಟ್ಟು "ಶುರುವಿನಿಂದ ಎಷ್ಟನೇ ದಿನ" ಅಂತ ಒಂದು ಕಾಲಮ್ ಮಾಡಿಕೊಳ್ಳಿ. ನನಗೆ ಎರಡನೆಯದೇ ಇಷ್ಟ. ಟ್ರೆಂಡ್‌ಲೈನ್ ಹಾಕಿದಾಗಲೂ ಅದು ಅನುಕೂಲ, ಇಲ್ಲದಿದ್ದರೆ ಸಮೀಕರಣದ ಕೊನೆಯ ಸಂಖ್ಯೆ 1900ನೇ ಇಸವಿಯ ಹತ್ತಿರ ನಿಮ್ಮ ತೂಕ ಎಷ್ಟಿರಬೇಕಿತ್ತು ಅಂತ ಹೇಳುತ್ತಾ ಕೂರುತ್ತದೆ. ಗಂಟೆಗಳ ವಿಷಯಕ್ಕೆ ಬಂದರೆ ದಿನವೇ 1, ಹಾಗಾಗಿ 6 ಗಂಟೆ ಅಂದರೆ 0.25. ಮೂರು ಗಂಟೆಗೊಂದು ಗುರುತು ಬೇಕಾದರೆ ಮೇಜರ್ ಯೂನಿಟ್ 0.125.

ಸಾಲುಗಳ ಕ್ರಮವನ್ನೂ ನೋಡಿಕೊಳ್ಳಬೇಕು. ಸ್ಕ್ಯಾಟರ್ ಮೇಲಿಂದ ಕೆಳಕ್ಕೆ ಇದ್ದ ಹಾಗೇ ಗೆರೆ ಎಳೆಯುತ್ತದೆ. ನಡುವೆ ಒಂದು ಹಳೆಯ ದಿನಾಂಕ ಸೇರಿದರೆ ಗೆರೆ ಹಿಂದಕ್ಕೆ ಓಡಿ ಮತ್ತೆ ಮುಂದಕ್ಕೆ ಬರುತ್ತದೆ, ಮಗು ಗೀಚಿದ ಹಾಗೆ. ಮೊದಲು ಸಾರ್ಟ್ ಮಾಡಿ. ಮತ್ತೆ ಎಕ್ಸ್ ಕಾಲಮ್‌ನಲ್ಲಿ ಎಲ್ಲೋ ಒಂದು ಕಡೆ "ನೆನಪಿಲ್ಲ" ಅಂತ ಅಕ್ಷರ ಬರೆದಿದ್ದರೆ ಎಕ್ಸೆಲ್ ಇಡೀ ಕಾಲಮ್ ಬಿಟ್ಟು 1, 2, 3 ಅಂತ ತನ್ನ ಲೆಕ್ಕ ಶುರು ಮಾಡುತ್ತದೆ. ಸ್ಕ್ಯಾಟರ್ ಹಾಕಿದರೂ ಅಂತರ ಸಮವಾಗಿಯೇ ಇದೆ ಅಂತ ಗೊಣಗುವವರು ಮೊದಲು ಇದನ್ನು ನೋಡಬೇಕು. ಅಕ್ಷದ ಮೇಲೆ 1900ರ ಜನವರಿಯ ದಿನಾಂಕ ಕಂಡರೆ ಅನುಮಾನವೇ ಬೇಡ, ಇದೇ ಕಾಯಿಲೆ.

ಸ್ಮೂತ್ ಗೆರೆ ಬಗ್ಗೆ ಒಂದು ಮಾತು. ಚೆಂದ ಕಾಣುತ್ತದೆ ಅಂತ ಅದನ್ನು ಆರಿಸಬೇಡಿ. ಬಿಂದುಗಳು ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ ಇದ್ದಾಗ ಬಾಗಿದ ಗೆರೆ ಅಳತೆಗಿಂತ ಮೇಲಕ್ಕೋ ಕೆಳಕ್ಕೋ ಉಬ್ಬುತ್ತದೆ. ಯಾವತ್ತೂ ಇರದಿದ್ದ ತೂಕ ಚಾರ್ಟ್‌ನಲ್ಲಿ ಇರುತ್ತದೆ. ನೇರ ಗೆರೆಯೇ ಇರಲಿ. ಮಾರ್ಕರ್ ಮಾತ್ರ ತೆಗೆಯಬೇಡಿ, ಎಲ್ಲಿ ನಿಜವಾಗಿ ಅಳೆದಿದ್ದೀರಿ ಅಂತ ಹೇಳುವುದು ಅದೊಂದೇ.

ಬಿಟ್ಟುಹೋದ ದಿನಗಳನ್ನು ತುಂಬುವುದು

ಜನವರಿ 1ರಿಂದ ಏಪ್ರಿಲ್ 10ರವರೆಗೆ 101 ಸಾಲು ಮಾಡಿ, ಅಳತೆ ಇದ್ದ ದಿನ ಸಂಖ್ಯೆ, ಇಲ್ಲದ ದಿನ ಖಾಲಿ. ಆಗ ಯಾವ ಚಾರ್ಟ್ ಹಾಕಿದರೂ ಅಂತರ ಸರಿ ಬರುತ್ತದೆ. ಬರೀ ಗೆರೆಗಾಗಿ ಇಷ್ಟು ಒದ್ದಾಡುವುದು ದಂಡ. ಆದರೆ ಪಕ್ಕದಲ್ಲಿ ದಿನಾ ಬರೆಯುವ ಇನ್ನೊಂದು ಪಟ್ಟಿ ಇದ್ದು, ನಡೆದ ಹೆಜ್ಜೆಗಳ ಎಣಿಕೆ ಅನ್ನಿ, ಎರಡನ್ನೂ ಒಂದೇ ಟೇಬಲ್‌ಗೆ ತರಬೇಕಾದರೆ ಇದು ಒಳ್ಳೆಯದು.

ಫಾರ್ಮುಲಾದಿಂದ ತುಂಬುವವರು ಖಾಲಿ ಉದ್ಧರಣ ಚಿಹ್ನೆ ಕೊಡಬೇಡಿ. ಕಣ್ಣಿಗೆ ಖಾಲಿ ಕಂಡರೂ ಎಕ್ಸೆಲ್ ಅದನ್ನು ಅಕ್ಷರ ಅಂತ ಹಿಡಿದು ಚಾರ್ಟ್‌ನಲ್ಲಿ ಸೊನ್ನೆ ಮಾಡುತ್ತದೆ, ಗೆರೆ ಧೊಪ್ಪನೆ ನೆಲಕ್ಕೆ ಬೀಳುತ್ತದೆ. ಅದರ ಬದಲು "ಬೆಲೆ ಇಲ್ಲ" ಅಂತ ಹೇಳುವ ಎನ್‌ಎ (NA) ಫಂಕ್ಷನ್ ಬಳಸಿ. ನಿಜವಾಗಿಯೇ ಖಾಲಿ ಇರುವ ಸೆಲ್‌ಗಳಿಗಾದರೆ ಸೆಲೆಕ್ಟ್ ಡೇಟಾ ಒಳಗೆ ಹಿಡನ್ ಆ್ಯಂಡ್ ಎಂಪ್ಟಿ ಸೆಲ್ಸ್ ಅಂತ ಒಂದು ಬಟನ್ ಇದೆ. ಅಂತರ ಬಿಡಬೇಕಾ, ಸೊನ್ನೆ ಹಾಕಬೇಕಾ, ಬಿಂದುಗಳನ್ನು ಜೋಡಿಸಬೇಕಾ ಅಂತ ಅಲ್ಲೇ ಹೇಳಬಹುದು.

ಇನ್ನು ಕೆಲವರು ಖಾಲಿ ದಿನಗಳಿಗೆ ಅಂದಾಜು ಸಂಖ್ಯೆ ತುಂಬುತ್ತಾರೆ. ನನ್ನ ಡೇಟಾಗೆ ಹಾಗೆ ಮಾಡಿದರೆ ಫೆಬ್ರವರಿ 10 ಮತ್ತು ಏಪ್ರಿಲ್ 10ರ ನಡುವೆಯೇ 59 ಅಳತೆ ಹುಟ್ಟಿಸಿದ ಹಾಗೆ. ಆಮೇಲೆ ಸರಾಸರಿ ತೆಗೆದರೆ ಆ 59ರದ್ದೇ ಮಾತು ನಡೆಯುತ್ತದೆ. ಮಾಡಲೇಬೇಕಾದರೆ ಬೇರೆ ಕಾಲಮ್‌ನಲ್ಲಿ ಮಾಡಿ, ಮೂಲ ಅಳತೆಯ ಜೊತೆ ಬೆರೆಸಬೇಡಿ.

ಮೆಟ್ಟಿಲು ಗೆರೆ

ಬಡ್ಡಿ ದರ, ವಸ್ತುವಿನ ಬೆಲೆ, ಗೋದಾಮಿನ ದಾಸ್ತಾನು, ಇವು ಮೆಲ್ಲಗೆ ಜಾರುವುದಿಲ್ಲ. ಒಂದು ದಿನ ಬದಲಾಗುತ್ತವೆ, ಮುಂದಿನ ಬದಲಾವಣೆವರೆಗೆ ಹಾಗೇ ಇರುತ್ತವೆ. ಜನವರಿ 1ಕ್ಕೆ 6, ಮಾರ್ಚ್ 15ಕ್ಕೆ 6.5 ಅಂತ ದರ ಇದ್ದರೆ ನಡುವೆ ಓರೆ ಗೆರೆ ಎಳೆದಾಗ ಫೆಬ್ರವರಿಯಲ್ಲಿ ಆರೂಕಾಲು ಇತ್ತು ಅಂದಂತೆ. ಇರಲಿಲ್ಲ. ಎಕ್ಸೆಲ್‌ನಲ್ಲಿ ಇದಕ್ಕೆ ಸಿದ್ಧ ಚಾರ್ಟ್ ಇಲ್ಲ, ಆದರೆ ಕಷ್ಟವೇನಲ್ಲ: ನಡುವೆ ಒಂದು ಸಾಲು ಸೇರಿಸಿ. ಜನವರಿ 1 – 6, ಮಾರ್ಚ್ 15 – 6, ಮಾರ್ಚ್ 15 – 6.5. ಇದನ್ನು ಸ್ಕ್ಯಾಟರ್‌ಗೆ ಕೊಟ್ಟರೆ ಮೆಟ್ಟಿಲು ತಯಾರು. ಎಕ್ಸೆಲ್ ಥರದ್ದೇ ಆದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಲೈನ್ ಟೈಪ್ ಒಳಗೆ ಸ್ಟೆಪ್ಡ್ ಅಂತಲೇ ಇದೆ, ಸಾಲು ಸೇರಿಸುವ ಕೆಲಸವೂ ಉಳಿಯಿತು.

ಮೆಟ್ಟಿಲಿಗೆ ಸಂಬಂಧ ಇಲ್ಲದ ಇನ್ನೊಂದು ದಾರಿ: ಎಕ್ಸ್ ಬೆಲೆಗಳು 1, 3, 10, 100, 1000 ಅಂತ ಗುಣಿಸುತ್ತಾ ಹೋಗುತ್ತಿದ್ದರೆ ಮಾಮೂಲಿ ಸ್ಕ್ಯಾಟರ್‌ನಲ್ಲಿ ಮೊದಲ ಮೂರು ಬಿಂದು ಎಡ ಗೋಡೆಗೆ ಅಂಟಿಕೊಳ್ಳುತ್ತವೆ. ಅಲ್ಲಿ ಅಡ್ಡ ಅಕ್ಷಕ್ಕೆ ಲಾಗರಿದಮಿಕ್ ಸ್ಕೇಲ್ (ಪ್ರತಿ ಹತ್ತು ಪಟ್ಟಿಗೂ ಸಮ ಜಾಗ ಕೊಡುವ ಅಳತೆ) ಟಿಕ್ ಮಾಡಿ. ಲೈನ್ ಚಾರ್ಟ್‌ನ ಅಡ್ಡ ಅಕ್ಷಕ್ಕೆ ಆ ಸೌಲಭ್ಯ ಇಲ್ಲ. ಸೊನ್ನೆ ಇದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ, ಅಷ್ಟು ನೆನಪಿರಲಿ.

ಎಕ್ಸೆಲ್ ಇಲ್ಲದವರಿಗೆ

ಗೂಗಲ್ ಶೀಟ್ಸ್‌ನಲ್ಲಿ ದಿನಾಂಕ ಅಥವಾ ಸಂಖ್ಯೆಯ ಕಾಲಮ್ ಕೊಟ್ಟರೆ ಸಾಮಾನ್ಯ ಲೈನ್ ಚಾರ್ಟೇ ಅಂತರ ಸರಿಯಾಗಿ ತೋರಿಸುತ್ತದೆ. ಸೆಟಪ್‌ನಲ್ಲಿ ಟ್ರೀಟ್ ಲೇಬಲ್ಸ್ ಆ್ಯಸ್ ಟೆಕ್ಸ್ಟ್ ಅಂತ ಒಂದು ಟಿಕ್ ಇರುತ್ತದೆ, ಅದು ಬಿದ್ದಿದ್ದರೆ ಮತ್ತೆ ಹಳೇ ಕಥೆ. ಕ್ಯಾಲ್ಕ್‌ನಲ್ಲಿ ಎಕ್ಸ್‌ವೈ ಸ್ಕ್ಯಾಟರ್, ಪಾಯಿಂಟ್ಸ್ ಆ್ಯಂಡ್ ಲೈನ್ಸ್ ಆರಿಸಿ. ಅಲ್ಲಿ ಎಕ್ಸ್ ಬೆಲೆಯ ಪ್ರಕಾರ ಸಾರ್ಟ್ ಮಾಡುವ ಆಯ್ಕೆಯೂ ಇದೆ, ಎಕ್ಸೆಲ್‌ನಲ್ಲಿ ಇಲ್ಲದ್ದು. ಎರಡೂ ಪುಕ್ಕಟೆ.

ಹಾಗಾದರೆ ನಿಮಗೆ ಯಾವುದು?

ತೂಕ, ಉಳಿತಾಯ, ಮೀಟರ್ ರೀಡಿಂಗ್ ಥರ ಒಂದೇ ಪಟ್ಟಿ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಅಳತೆ ಇಲ್ಲ, ತಿಂಗಳ ಹೆಸರು ಚೆನ್ನಾಗಿ ಕಾಣಬೇಕು ಅಂದರೆ ಡೇಟ್ ಆಕ್ಸಿಸ್. ಎರಡು ನಿಮಿಷದ ಕೆಲಸ, ಮಾಡಿದ್ದು ಸರಿಯಾಗಿಯೂ ಇರುತ್ತದೆ. ಪ್ರಯೋಗದ ಡೇಟಾ, ಗಂಟೆ ನಿಮಿಷ, ದಶಮಾಂಶ, ಹಲವು ಗೆರೆ, ಟ್ರೆಂಡ್‌ಲೈನ್ ಸಮೀಕರಣ, ಇವುಗಳಲ್ಲಿ ಒಂದಿದ್ದರೂ ಸ್ಕ್ಯಾಟರ್, ಲೇಬಲ್ ಸರಿ ಮಾಡಲು ಹತ್ತು ನಿಮಿಷ ಜಾಸ್ತಿ ಹಿಡಿದರೂ. ದರ, ಬೆಲೆ ಆದರೆ ಮೆಟ್ಟಿಲು. ವಾರ ವಾರ ಸಾಲು ಸೇರುವ ಶೀಟ್ ಆದರೆ ಡೇಟಾವನ್ನು ಎಕ್ಸೆಲ್‌ನ ಟೇಬಲ್ ಸೌಲಭ್ಯದಿಂದ ಟೇಬಲ್ ಮಾಡಿ ಅದರ ಮೇಲೆ ಚಾರ್ಟ್ ಹಾಕಿ, ಹೊಸ ಸಾಲು ತಾನೇ ಸೇರಿಕೊಳ್ಳುತ್ತದೆ.

ಮಾಡಿದ್ದು ಸರಿ ಬಂತಾ ಅಂತ ನೋಡಲು ಬೆರಳೇ ಸಾಕು. ಮೊದಲ ಎರಡು ಬಿಂದುಗಳ ನಡುವಿನ ಜಾಗ, ಕೊನೆಯ ಎರಡರ ನಡುವಿನ ಜಾಗ, ಎರಡನ್ನೂ ಸ್ಕ್ರೀನ್ ಮೇಲೆ ಅಳೆದು ನೋಡಿ. ನನ್ನ ಡೇಟಾದಲ್ಲಿ ಅವು 2 ದಿನ ಮತ್ತು 60 ದಿನ, ಅಂದರೆ ಎರಡನೆಯದು ಮೊದಲನೆಯದರ ಮೂವತ್ತರಷ್ಟು ಇರಬೇಕು. ನಿಮ್ಮದರಲ್ಲಿ ಎಷ್ಟಿರಬೇಕೋ ಅಷ್ಟಿಲ್ಲದೆ ಎರಡೂ ಒಂದೇ ಬೆರಳಿನಷ್ಟು ಅಗಲ ಇದ್ದರೆ, ಮೊದಲು ಆ ಕಾಲಮ್‌ನಲ್ಲಿ ದಿನಾಂಕ ಎಡಕ್ಕೆ ಒರಗಿದೆಯಾ ನೋಡಿ.